ಸಮ್ಮೋಹನ ಮಂತ್ರಗಳು (ಪಾತ್ರಧಾರಣ ಆಟಗಳು)

ಮೇಜಿನ ಸುತ್ತ ಕುಳಿತು ಆಡುವ ಕಲ್ಪನಾಲೋಕದ ಪಾತ್ರಧಾರಣ ಆಟಗಳಲ್ಲಿ, ಒಂದು ಪಾತ್ರವು ಮತ್ತೊಂದು ಪಾತ್ರದ ಮನಸ್ಸು, ಭಾವನೆ ಅಥವಾ ಇಚ್ಛೆಯನ್ನು ಮಾಯೆಯ ಬಲದಿಂದ ಬದಲಿಸುವ ಮಂತ್ರಗಳನ್ನು ಸಮ್ಮೋಹನ ಮಂತ್ರಗಳೆನ್ನಬಹುದು. ಬೆಂಕಿ ಅಥವಾ ಸಿಡಿಲಿನ ಮಂತ್ರವು ಪಾತ್ರದ ದೇಹವನ್ನು ಗಾಯಗೊಳಿಸಿದರೆ, ಸಮ್ಮೋಹನ ಮಂತ್ರವು ಅದರ ನಿರ್ಧಾರವನ್ನೇ ಕಸಿದುಕೊಳ್ಳುತ್ತದೆ. ಈ ಆಟಗಳಲ್ಲಿ ಆಟಗಾರರಿಗೆ ಇರುವ ಮುಖ್ಯ ಅಧಿಕಾರವೆಂದರೆ ತಮ್ಮ ಪಾತ್ರ ಏನು ಮಾಡಬೇಕೆಂದು ನಿರ್ಧರಿಸುವುದು. ಆದಕಾರಣ ಇಂತಹ ಮಂತ್ರಗಳಿಗೆ ನಿಯಮಪುಸ್ತಕಗಳು ಹಲವು ಮಿತಿಗಳನ್ನು ವಿಧಿಸುತ್ತವೆ.

ಹಿನ್ನೆಲೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯ ಆಟಗಳಿಗೆ ಮೂಲ. ಪ್ರತಿ ಆಟಗಾರರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಡಂಜನ್ ಮಾಸ್ಟರ್ ಎಂಬ ಸೂತ್ರಧಾರರು ಉಳಿದೆಲ್ಲ ಪಾತ್ರಗಳನ್ನೂ ಕಥೆಯ ಲೋಕವನ್ನೂ ನಿರ್ವಹಿಸುತ್ತಾರೆ. ಫಲಿತಾಂಶ ಅನಿಶ್ಚಿತವಾದಾಗ ದಾಳವನ್ನು ಉರುಳಿಸಲಾಗುತ್ತದೆ. ‘ಚಾರ್ಮ್ ಪರ್ಸನ್’ ಎಂಬ ಮೋಹಕ ಮಂತ್ರವು 1974ರ ಮೊದಲ ಆವೃತ್ತಿಯಲ್ಲಿಯೇ ಇತ್ತು. ಅಲ್ಲಿ ಅದರ ಪ್ರಭಾವಕ್ಕೆ ಕಾಲಮಿತಿ ಇರಲಿಲ್ಲ. ಬೇರೊಂದು ಮಂತ್ರದಿಂದ ನಿವಾರಿಸುವವರೆಗೂ ಉಳಿಯುತ್ತಿತ್ತು. 2014ರ ಐದನೆಯ ಆವೃತ್ತಿಯಲ್ಲಿ ಅದು ಒಂದು ಗಂಟೆಗೆ ಇಳಿದಿದೆ.

ಕಾರ್ಯವಿಧಾನ

ಮಂತ್ರಕ್ಕೆ ಗುರಿಯಾದ ಪಾತ್ರಕ್ಕೆ ಅದನ್ನು ತಡೆಯುವ ಒಂದು ಅವಕಾಶವಿರುತ್ತದೆ. ಇದನ್ನು ಸೇವಿಂಗ್ ಥ್ರೋ, ಅಂದರೆ ರಕ್ಷಣೆಯ ಎಸೆತ ಎನ್ನುತ್ತಾರೆ. 2014ರ ನಿಯಮಗಳಂತೆ ಮಾಂತ್ರಿಕನ ಸಾಮರ್ಥ್ಯಕ್ಕೆ ಅನುಗುಣವಾಗಿ ಒಂದು ಗುರಿಸಂಖ್ಯೆ ನಿಗದಿಯಾಗುತ್ತದೆ. ಎದುರಿನ ಪಾತ್ರದ ಪರವಾಗಿ 20 ಮುಖಗಳ ದಾಳವನ್ನು ಉರುಳಿಸಿ, ಬಂದ ಸಂಖ್ಯೆಗೆ ಆ ಪಾತ್ರದ ವಿವೇಕದ ಅಂಕವನ್ನು ಕೂಡಿಸುತ್ತಾರೆ. ಮೊತ್ತವು ಗುರಿಸಂಖ್ಯೆಯನ್ನು ಮುಟ್ಟಿದರೆ ಮಂತ್ರ ವಿಫಲ.

ಉದಾಹರಣೆಗೆ, ಗುರಿಸಂಖ್ಯೆ 14 ಆಗಿದ್ದು, ಕಾವಲುಗಾರನೊಬ್ಬನಿಗೆ ವಿವೇಕದ ಹೆಚ್ಚುವರಿ ಅಂಕ ಇಲ್ಲವೆನ್ನೋಣ. ದಾಳದಲ್ಲಿ 14ರಿಂದ 20ರವರೆಗಿನ ಏಳು ಸಂಖ್ಯೆಗಳಲ್ಲಿ ಒಂದು ಬಿದ್ದರೆ ಅವನು ಪಾರಾಗುತ್ತಾನೆ. ಇದು ಶೇಕಡ 35ರ ಅವಕಾಶ. ಆದರೆ ಮಾಂತ್ರಿಕನ ಕಡೆಯವರು ಆಗಲೇ ಅವನೊಡನೆ ಕಾದಾಡುತ್ತಿದ್ದರೆ, ಚಾರ್ಮ್ ಪರ್ಸನ್ ಮಂತ್ರದ ವಿರುದ್ಧ ಅವನ ಪರವಾಗಿ ದಾಳವನ್ನು ಎರಡು ಬಾರಿ ಉರುಳಿಸಿ ಹೆಚ್ಚಿನ ಸಂಖ್ಯೆಯನ್ನು ಆರಿಸಿಕೊಳ್ಳಬಹುದು. ಆಗ ಅವಕಾಶವು ಸುಮಾರು ಶೇಕಡ 58ಕ್ಕೆ ಏರುತ್ತದೆ. ಕತ್ತಿ ಹಿಡಿದು ಎದುರು ನಿಂತವನನ್ನು ಸ್ನೇಹಿತನೆಂದು ನಂಬಿಸುವುದು ಕಷ್ಟವೆಂಬ ಲೋಕಾನುಭವವೇ ಇಲ್ಲಿ ನಿಯಮವಾಗಿದೆ.

ಬಗೆಗಳು

ಐದನೆಯ ಆವೃತ್ತಿಯ ಸಮ್ಮೋಹನ ಮಂತ್ರಗಳಲ್ಲಿ ಪ್ರಭಾವದ ಆಳಕ್ಕೆ ಅನುಗುಣವಾಗಿ ಮೂರು ಮುಖ್ಯ ಬಗೆಗಳನ್ನು ಗುರುತಿಸಬಹುದು.

ಮೋಹ: ಚಾರ್ಮ್ ಪರ್ಸನ್ ಮಂತ್ರಕ್ಕೆ ಒಳಗಾದವನು ಮಾಂತ್ರಿಕನನ್ನು ಪರಿಚಿತ ಸ್ನೇಹಿತನೆಂದು ಭಾವಿಸುತ್ತಾನೆ, ಅವನ ಮೇಲೆ ಕೈ ಮಾಡಲಾರನು. ಆದರೆ ಗುಲಾಮನಾಗುವುದಿಲ್ಲ. ಅವಧಿ ಮುಗಿದಾಗ ತಾನು ಮೋಸಹೋದದ್ದು ಅವನಿಗೆ ತಿಳಿಯುತ್ತದೆ.

ಸೂಚನೆ: ‘ಸಜೆಶನ್’ ಮಂತ್ರದಲ್ಲಿ ಒಂದೆರಡು ವಾಕ್ಯಗಳಲ್ಲಿ ಹೇಳಿದ ಕೆಲಸವನ್ನು ಗುರಿಯಾದವನು ಗರಿಷ್ಠ ಎಂಟು ಗಂಟೆಗಳ ಕಾಲ ಅನುಸರಿಸುತ್ತಾನೆ. ಅವನಿಗೆ ಆ ಮಾತು ಕೇಳಿಸಬೇಕು, ಅರ್ಥವಾಗಬೇಕು. ಸೂಚನೆಯು ಸಮಂಜಸವಾಗಿ ತೋರಬೇಕು. ತನ್ನನ್ನು ತಾನೇ ಇರಿದುಕೊಳ್ಳೆಂಬ ಸೂಚನೆ ಫಲಿಸುವುದಿಲ್ಲ.

ಅಧೀನತೆ: ‘ಡಾಮಿನೇಟ್ ಪರ್ಸನ್’ ಮಂತ್ರವು ಪಾತ್ರದ ಸಂಪೂರ್ಣ ನಿಯಂತ್ರಣವನ್ನು ನೀಡಬಲ್ಲದು. ಆದರೆ ಸಾಮಾನ್ಯವಾಗಿ ಅದರ ಅವಧಿ ಒಂದು ನಿಮಿಷ ಮಾತ್ರ. ಅಷ್ಟರಲ್ಲಿ ಗುರಿಯಾದವನಿಗೆ ಪೆಟ್ಟು ಬಿದ್ದಾಗಲೆಲ್ಲ ರಕ್ಷಣೆಯ ಎಸೆತಕ್ಕೆ ಮತ್ತೆ ಅವಕಾಶ ದೊರೆಯುತ್ತದೆ.

ಕನ್ನಡ ನಾಡಿನ ಕಥಾಪರಂಪರೆಯಲ್ಲಿ ಹೋಲಿಕೆಗಳು

ಈ ನಿಯಮಗಳ ಹಿಂದಿನ ಕಲ್ಪನೆಗಳು ಕನ್ನಡ ಓದುಗರಿಗೆ ಹೊಸವಲ್ಲ. ಮಹಾಭಾರತದ ವಿರಾಟಪರ್ವದಲ್ಲಿ ಅರ್ಜುನನು ಸಮ್ಮೋಹನಾಸ್ತ್ರದಿಂದ ಕೌರವಸೇನೆಯನ್ನು ಮೂರ್ಛೆಗೊಳಿಸಿ, ವೀರರ ವಸ್ತ್ರಗಳನ್ನು ತರುವಂತೆ ಉತ್ತರಕುಮಾರನನ್ನು ಕಳುಹಿಸುತ್ತಾನೆ. ಭೀಷ್ಮನು ಆ ಅಸ್ತ್ರದ ಪ್ರತೀಕಾರವನ್ನು ಬಲ್ಲವನಾದ್ದರಿಂದ ಅವನ ಬಳಿ ಹೋಗಬಾರದೆಂದು ಎಚ್ಚರಿಸುತ್ತಾನೆ. ಒಂದೇ ಅಸ್ತ್ರವು ಹಲವರನ್ನು ಕೆಡವಿದರೂ ಬಲ್ಲವನೊಬ್ಬನು ಉಳಿಯುತ್ತಾನೆ. ಆಟದಲ್ಲಿ ರಕ್ಷಣೆಯ ಎಸೆತವು ಮಾಡುವುದೂ ಇದನ್ನೇ.

ಮೋಹಿನಿ ಮತ್ತು ಭಸ್ಮಾಸುರರ ಕಥೆಯು ‘ಸೂಚನೆ’ಗೆ ಹತ್ತಿರವಾದುದು. ತಲೆಯ ಮೇಲೆ ಕೈಯಿಟ್ಟುಕೋ ಎಂದು ಮೋಹಿನಿ ನೇರವಾಗಿ ಹೇಳಿದ್ದರೆ ಅಸುರನು ಎಚ್ಚರಗೊಳ್ಳುತ್ತಿದ್ದನು. ಆಕೆ ಕೇಳಿದ್ದು ತನ್ನಂತೆ ನರ್ತಿಸೆಂದು ಮಾತ್ರ. ಬಯಸಿದವಳ ಮಾತು ಅವನಿಗೆ ಸಮಂಜಸವಾಗಿಯೇ ತೋರಿತು. ಹಾಸನ ಜಿಲ್ಲೆಯ ಬೇಲೂರಿನಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇವಾಲಯದ ಒಳಗೆ ಮೋಹಿನಿಯ ಶಿಲ್ಪವಿರುವ ಕಂಬವೊಂದಿದೆ. ಹಾಸನ, ತುಮಕೂರು, ಮಂಡ್ಯ ಮೊದಲಾದ ಜಿಲ್ಲೆಗಳ ಮೂಡಲಪಾಯ ಯಕ್ಷಗಾನವೂ ಪುರಾಣ ಪ್ರಸಂಗಗಳನ್ನು ರಂಗಕ್ಕೆ ತರುವ ಕಲೆಯಾಗಿದೆ. ಅಲ್ಲಿ ಭಸ್ಮಾಸುರನ ಪಾತ್ರಧಾರಿಗೆ ತನ್ನ ಪಾತ್ರದ ಅಂತ್ಯ ಮೊದಲೇ ತಿಳಿದಿರುತ್ತದೆ. ಪಾತ್ರಧಾರಣ ಆಟದಲ್ಲಿ ಕಥೆ ಮೊದಲೇ ಬರೆದಿರುವುದಿಲ್ಲ. ಸಮ್ಮೋಹನದ ನಿಯಮಗಳು ಸೂಕ್ಷ್ಮವಾಗಲು ಇದೇ ಕಾರಣ.

ಇತರ ಆಟಗಳಲ್ಲಿ

1981ರ ‘ಕಾಲ್ ಆಫ್ ಕ್ಥುಲ್ಹು’ ಆಟದಲ್ಲಿ ಮನಸ್ಸಿನ ಸ್ವಾಸ್ಥ್ಯವನ್ನೇ ಅಂಕಗಳಲ್ಲಿ ಅಳೆಯಲಾಗುತ್ತದೆ. ಭೀಕರ ದೃಶ್ಯಗಳನ್ನು ಕಂಡಾಗ ಅವು ಕರಗುತ್ತವೆ. 1991ರ ‘ವ್ಯಾಂಪೈರ್: ದಿ ಮಾಸ್ಕರೇಡ್’ ಆಟವು ಆಜ್ಞೆಯಿಂದ ಇಚ್ಛೆಯನ್ನು ಆಳುವ ಶಕ್ತಿಯನ್ನೂ ಭಾವನೆಗಳನ್ನು ಕೆರಳಿಸುವ ಶಕ್ತಿಯನ್ನೂ ಬೇರ್ಪಡಿಸಿದೆ. ‘ಫೇಟ್’ ಆಟದಲ್ಲಿ ಪಾತ್ರದ ಸ್ವಭಾವಕ್ಕೆ ತಕ್ಕ ತೊಡಕನ್ನು ಸೂತ್ರಧಾರರು ಮುಂದಿಟ್ಟಾಗ, ಆಟಗಾರರು ಅದನ್ನು ಒಪ್ಪಿ ಒಂದು ಅಂಕವನ್ನು ಪಡೆಯಬಹುದು, ಇಲ್ಲವೇ ಒಂದು ಅಂಕವನ್ನು ತೆತ್ತು ನಿರಾಕರಿಸಬಹುದು.

ಆಟಗಾರರ ಒಪ್ಪಿಗೆ

ಸೂತ್ರಧಾರರ ಕೈಯಲ್ಲಿರುವ ಕಾವಲುಗಾರನು ಮರುಳಾದರೆ ಯಾರಿಗೂ ನಷ್ಟವಿಲ್ಲ. ಆಟಗಾರರ ಪಾತ್ರವೇ ಅಧೀನವಾದರೆ ಅವರು ಮೇಜಿನ ಬಳಿ ಕೇವಲ ಪ್ರೇಕ್ಷಕರಾಗಿ ಉಳಿಯುತ್ತಾರೆ. ತಾವು ಬಯಸದ ಕೃತ್ಯವನ್ನು ತಮ್ಮ ಪಾತ್ರದಿಂದ ಮಾಡಿಸಿದಾಗ ನೋಯಲೂಬಹುದು. ಆದುದರಿಂದ ಅನೇಕ ತಂಡಗಳು ಆಟ ಆರಂಭವಾಗುವ ಮೊದಲೇ ಸೇರಿ, ಯಾವುದು ಸಮ್ಮತ, ಯಾವುದು ಅಲ್ಲ ಎಂಬುದನ್ನು ಚರ್ಚಿಸಿಕೊಳ್ಳುತ್ತವೆ. ಜಾನ್ ಸ್ಟಾವ್ರೋಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಪದ್ಧತಿಯಲ್ಲಿ, ಮೇಜಿನ ಮೇಲಿಟ್ಟ ಚೀಟಿಯನ್ನು ಯಾರಾದರೂ ಮುಟ್ಟಿದರೆ ಆ ಪ್ರಸಂಗವನ್ನು ಬದಲಿಸಲಾಗುತ್ತದೆ ಅಥವಾ ಕೈಬಿಡಲಾಗುತ್ತದೆ. ಮುಟ್ಟಿದವರು ಕಾರಣವನ್ನು ಹೇಳಬೇಕಾಗಿಲ್ಲ.