ಎಂಬತ್ತು ವರ್ಷಕ್ಕೊಂದು ಮಹಾಯುದ್ಧವೇ?

ತಪ್ಪು ಕಲ್ಪನೆ: ಸುಮಾರು ಎಂಬತ್ತು ವರ್ಷಕ್ಕೊಮ್ಮೆ ಮಹಾಯುದ್ಧ ಬಂದೇ ಬರುತ್ತದೆ.

ಸತ್ಯ: ಈ ಲೆಕ್ಕಕ್ಕೆ ಹೆಸರು ತಂದವರು ಅಮೆರಿಕದ ವಿಲಿಯಂ ಸ್ಟ್ರಾಸ್ ಮತ್ತು ನೀಲ್ ಹೋವ್. 1997ರಲ್ಲಿ ಬಂದ ಅವರ ‘ದಿ ಫೋರ್ತ್ ಟರ್ನಿಂಗ್’ ಪುಸ್ತಕಕ್ಕೆ ಇಂದಿಗೂ ಭಕ್ತರಿದ್ದಾರೆ. ಅಮೆರಿಕದ ಸ್ವಾತಂತ್ರ್ಯ ಸಮರ 1775, ಅಂತರ್ಯುದ್ಧ 1861, ಎರಡನೇ ಮಹಾಯುದ್ಧಕ್ಕೆ ಇಳಿದದ್ದು 1941. ನೋಡಲು ಅಚ್ಚುಕಟ್ಟು. ಆದರೆ ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಸತ್ತ ಮೊದಲನೇ ಮಹಾಯುದ್ಧಕ್ಕೆ ಈ ಸಾಲಿನಲ್ಲಿ ಜಾಗವಿಲ್ಲ. ಪ್ರತಿ ಸುತ್ತಿನಲ್ಲೂ ನಾಲ್ಕು ಬಗೆಯ ತಲೆಮಾರುಗಳು ಸರದಿಯಂತೆ ಬರುತ್ತವೆಂಬುದು ಅವರ ವಾದ; ಅಂತರ್ಯುದ್ಧದ ಸುತ್ತಿನಲ್ಲಂತೂ ಆ ನಾಲ್ಕರ ಪೈಕಿ ಒಂದು ಹುಟ್ಟಲೇ ಇಲ್ಲ ಎಂದು ಲೇಖಕರೇ ಒಪ್ಪಿಕೊಳ್ಳಬೇಕಾಯಿತು. ಯುಗಾದಿಯ ಪಂಚಾಂಗ ಓದುವವರಿಗೂ ನಾವು ಇಷ್ಟು ರಿಯಾಯಿತಿ ಕೊಡುವುದಿಲ್ಲ.

ತಪ್ಪು ಕಲ್ಪನೆ: ಯುದ್ಧ ಕಂಡವರು ತೀರಿಹೋದ ಮೇಲೆ, ಅದರ ನೋವು ತಿಳಿಯದ ಮೊಮ್ಮಕ್ಕಳು ಮತ್ತೆ ಆಯುಧ ಹಿಡಿಯುತ್ತಾರೆ.

ಸತ್ಯ: ಹಿಟ್ಲರ್ ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕ. ನೋವು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಮೈಸೂರನ್ನೇ ನೋಡಿ. 1767ರಿಂದ 1799ರೊಳಗೆ ಈಸ್ಟ್ ಇಂಡಿಯಾ ಕಂಪನಿಯ ಜತೆ ನಾಲ್ಕು ಯುದ್ಧ. ಹದಿಹರೆಯದಲ್ಲಿ ಮೊದಲನೆಯದನ್ನು ಕಂಡ ಟಿಪ್ಪು ನಾಲ್ಕನೆಯದರಲ್ಲಿ ಮಡಿದ. ಯಾರು ಏನನ್ನು ಮರೆತಿದ್ದರು? 1769ರ ಮದ್ರಾಸ್ ಒಪ್ಪಂದದಲ್ಲಿ ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕೆಂದಿತ್ತು. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕೈಕಟ್ಟಿ ಕುಳಿತಿತು. ಟಿಪ್ಪುವಿನ ತಂದೆ ಹೈದರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. 1779ರಲ್ಲಿ ಕಂಪನಿ ಅವನ ರಕ್ಷಣೆಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನೂ ವಶಪಡಿಸಿಕೊಂಡ ಮೇಲೆ, ಮರುವರ್ಷ ಆರ್ಕಾಟಿನ ಸೀಮೆಗೆ ನುಗ್ಗಿದ. 1792ರ ಶ್ರೀರಂಗಪಟ್ಟಣದ ಒಪ್ಪಂದ ಇನ್ನೂ ಕಠಿಣ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಹಣ ತೀರುವವರೆಗೆ ಟಿಪ್ಪುವಿನ ಇಬ್ಬರು ಎಳೆಯ ಗಂಡುಮಕ್ಕಳು ಒತ್ತೆ. ಏಳು ವರ್ಷದಲ್ಲಿ ಮತ್ತೆ ಫಿರಂಗಿ ಮೊಳಗಿತು. ಇಲ್ಲಿ ಯುದ್ಧ ತಂದದ್ದು ಮರೆವಲ್ಲ, ಹಳೆಯ ಒಪ್ಪಂದಗಳು ಉಳಿಸಿದ ಸೇಡು.

ತಪ್ಪು ಕಲ್ಪನೆ: ಬಹುಕಾಲ ಶಾಂತಿಯಿದ್ದರೆ ಯುದ್ಧ ‘ಬಾಕಿ’ ಇದೆ ಎಂದರ್ಥ.

ಸತ್ಯ: ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಕ್ವೇಕರ್ ಪಂಥದವರು, ಮೊದಲನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಆಂಬುಲೆನ್ಸ್ ತಂಡದಲ್ಲಿ ದುಡಿದರು. ಮುಂದೆ 19ನೇ ಶತಮಾನದಿಂದೀಚಿನ ಯುದ್ಧಗಳನ್ನೆಲ್ಲ ಪಟ್ಟಿಮಾಡಿ ಎಣಿಸಿದರು. ಯುದ್ಧಗಳು ಶುರುವಾದ ವರ್ಷಗಳಲ್ಲಿ ಅವರಿಗೆ ಯಾವ ಚಕ್ರವೂ ಕಾಣಲಿಲ್ಲ. ಅವು ಹೆಚ್ಚುಕಡಿಮೆ ಆಕಸ್ಮಿಕವಾಗಿ ಚದುರಿದ್ದವು. ಸಂಬಂಧ ಕಂಡದ್ದು ಬೇರೊಂದು ಕಡೆ: ಗಡಿ ಹಂಚಿಕೊಂಡ ನೆರೆಹೊರೆ ಹೆಚ್ಚಿದ್ದಷ್ಟೂ ಆ ದೇಶ ಹೆಚ್ಚು ಯುದ್ಧಗಳಲ್ಲಿ ಸಿಲುಕಿತ್ತು.