ಹೆಡ್‌ಮಾಸ್ಟರರ ಕೈಗೆ ಸಿಗದ ಹೊತ್ತು

ಫಲಿತಾಂಶ ಚೆನ್ನಾಗಿ ಬಂದರೆ ಹೆಡ್‌ಮಾಸ್ಟರು ಸಮರ್ಥರು ಎಂದುಬಿಡುತ್ತೇವೆ. ಆದರೆ ಮನೆಯಲ್ಲೇ ಓದಿನ ಅನುಕೂಲವಿರುವ ಮಕ್ಕಳು ತುಂಬಿದ ಶಾಲೆಗೆ ಯಾರು ಬಂದರೂ ಅಂಕ ಬರುತ್ತದೆ. ಈ ತೊಡಕನ್ನು ಬಿಡಿಸಲು ಬ್ರಾಂಚ್, ಹನುಷೆಕ್ ಮತ್ತು ರಿವ್ಕಿನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಟೆಕ್ಸಸ್‌ನಲ್ಲಿ ಮಕ್ಕಳ ಅಂಕವನ್ನಷ್ಟೇ ನೋಡದೆ, ವರ್ಷದಿಂದ ವರ್ಷಕ್ಕೆ ಅವರ ಕಲಿಕೆ ಎಷ್ಟು ಮುಂದುವರಿಯಿತು ಎಂಬುದನ್ನು ಲೆಕ್ಕ ಹಾಕಿದರು. 2013ರಲ್ಲಿ ಪ್ರಕಟವಾದ ಅವರ ಅಂದಾಜಿನಂತೆ, ಸಮರ್ಥ ಮುಖ್ಯಸ್ಥರಿರುವ ಶಾಲೆಯ ಸಾಧಾರಣ ವಿದ್ಯಾರ್ಥಿ ಒಂದೇ ವರ್ಷದಲ್ಲಿ 2ರಿಂದ 7 ತಿಂಗಳಷ್ಟು ಹೆಚ್ಚಿನ ಕಲಿಕೆ ಗಳಿಸುತ್ತಾನೆ. ಅಸಮರ್ಥರ ಕೈಯಲ್ಲಿ ಅಷ್ಟೇ ಕಳೆದುಕೊಳ್ಳುತ್ತಾನೆ. ಮುಖ್ಯಸ್ಥರ ನಡುವಿನ ಈ ವ್ಯತ್ಯಾಸ ಬಡ ಮಕ್ಕಳೇ ಹೆಚ್ಚಿರುವ ಶಾಲೆಗಳಲ್ಲಿ ಇನ್ನೂ ದೊಡ್ಡದು.

ಹಾಗಾದರೆ ಸಮರ್ಥರು ಮಾಡುವುದೇನು? ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಕನಸು ಬಿತ್ತಿ ಹುರಿದುಂಬಿಸುವ ನಾಯಕರನ್ನೂ ಪಾಠಪ್ರವಚನದಲ್ಲೇ ಕೈಯಿಡುವ ನಾಯಕರನ್ನೂ ಹೋಲಿಸಿದಾಗ, ಮಕ್ಕಳ ಕಲಿಕೆಯ ಮೇಲೆ ಎರಡನೆಯವರ ಪರಿಣಾಮ ಮೂರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಅದರಲ್ಲೂ ಎಲ್ಲಕ್ಕಿಂತ ಮುಂದಿದ್ದದ್ದು ಶಿಸ್ತೂ ಅಲ್ಲ, ಹಣದ ಹಂಚಿಕೆಯೂ ಅಲ್ಲ. ಶಿಕ್ಷಕರ ಕಲಿಕೆಗೆ ದಾರಿ ಮಾಡಿಕೊಟ್ಟು, ತಾವೂ ಅವರ ಜೊತೆ ಕೂತು ಕಲಿಯುವುದು! ಈ ಕೊನೆಯ ಅಂಶ ಕೆಲವೇ ಅಧ್ಯಯನಗಳಿಂದ ಬಂದದ್ದು, ನಿಜ. ಆದರೂ ಅದರ ಹಿಂದಿನ ತರ್ಕ ಗಟ್ಟಿ. ಮಗುವಿಗೆ ಪಾಠ ಹೇಳುವವರು ಶಿಕ್ಷಕರು, ಮುಖ್ಯಸ್ಥರ ಪ್ರಭಾವ ಮಗುವನ್ನು ಮುಟ್ಟುವುದು ಬಹುಪಾಲು ಅವರ ಮೂಲಕವೇ. ಬೀಜಗಣಿತದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಗಣಿತದ ಮೇಷ್ಟರ ಜೊತೆ ಕೂತು ಚರ್ಚಿಸಿದ ಮುಖ್ಯಸ್ಥರಿಗೆ, ವೇಳಾಪಟ್ಟಿಯಲ್ಲಿ ಏನು ಬದಲಿಸಬೇಕು, ಯಾವ ತರಬೇತಿ ಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ವರದಿ ಓದಿ ಮೆಮೊ ಕೊಡುವವರಿಗೆ ಅದು ಎಂದೂ ತಿಳಿಯದು.

ಇನ್ನು ನಮ್ಮಲ್ಲಿನ ಸ್ಥಿತಿ ಹೇಗಿದೆ? ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಇತರರು ನಮ್ಮ ಎಸ್ಸೆಸ್ಸೆಲ್ಸಿ ವಯಸ್ಸಿನ ಮಕ್ಕಳು ಓದುವ 1,800ಕ್ಕೂ ಹೆಚ್ಚು ಶಾಲೆಗಳ ಆಡಳಿತವನ್ನು ಎಂಟು ದೇಶಗಳಲ್ಲಿ ಅಳೆದು 2015ರಲ್ಲಿ ಪ್ರಕಟಿಸಿದರು. ಆಡಳಿತ ಚೆನ್ನಾಗಿದ್ದಲ್ಲಿ ಮಕ್ಕಳ ಸಾಧನೆಯೂ ಮೇಲಿತ್ತು. ಆಡಳಿತದ ಸರಾಸರಿ ಅಂಕದಲ್ಲಿ ಕಟ್ಟಕಡೆಯ ಸ್ಥಾನ ಭಾರತದ್ದಾಗಿತ್ತು. ಆದರೆ ಇದನ್ನು ಓದಿ ನಮ್ಮ ಮುಖ್ಯೋಪಾಧ್ಯಾಯರನ್ನು ದೂರುವುದು ಅನ್ಯಾಯ. ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿ, ಇಲಾಖೆಯ ಸಭೆ ಮುಗಿಸುವಷ್ಟರಲ್ಲಿ ಅವರ ದಿನ ಕಳೆದಿರುತ್ತದೆ. ಗುಮಾಸ್ತರ ಹುದ್ದೆ ಖಾಲಿ ಬಿದ್ದಿರುವ ಪ್ರೌಢಶಾಲೆಯಲ್ಲಿ ಸಂಬಳದ ಬಿಲ್ಲೂ ಅವರ ಮೇಜಿಗೇ ಬರುತ್ತದೆ. ನಾಯಕತ್ವ ತರಬೇತಿಗೆ ಅವರನ್ನು ಕರೆಸುವ ಮೊದಲು ಆ ಹುದ್ದೆಯನ್ನು ತುಂಬಬೇಕು.