ಒಂದು ಗಣಿ ಕಟ್ಟಿದ ಊರು: ಕೆಜಿಎಫ್
1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳನ್ನು ಕೈಗೆತ್ತಿಕೊಂಡಿತು. ಕುರುಚಲು ಕಾಡಿದ್ದ ಜಾಗದಲ್ಲಿ ಕೋಲಾರ ಗೋಲ್ಡ್ ಫೀಲ್ಡ್ಸ್, ಅಂದರೆ ಕೆಜಿಎಫ್ ಎಂಬ ಪಟ್ಟಣವೇ ಎದ್ದಿತು. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು; ತಮಿಳು, ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರಿಗೆ ಸಾಲುಮನೆಗಳು. ಈ ಕಾರ್ಮಿಕರಲ್ಲಿ ದಲಿತರೇ ಹೆಚ್ಚು.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಅದು ತಲುಪಿದ್ದು 1905ರಲ್ಲಿ. ಯಾರ ಅಗತ್ಯ ಮೊದಲು ಎಂಬ ಪ್ರಶ್ನೆಗೆ ಆಗಲೇ ಉತ್ತರ ಸಿಕ್ಕಿತ್ತು ಎನ್ನಬೇಕು. ಆದರೂ ಮೈಸೂರು ಸಂಸ್ಥಾನದ ವಿದ್ಯುದೀಕರಣಕ್ಕೆ ದಾರಿಯಾದದ್ದು ಗಣಿ ಎಂಬ ಈ ಗಿರಾಕಿಯೇ. ಕೆಜಿಎಫ್‌ಗೆ ಬೇತಮಂಗಲದಿಂದ ನೀರು ಬಂತು, ಆಸ್ಪತ್ರೆ, ಶಾಲೆಗಳೂ ಬಂದವು.

ಈ ಬೆಳವಣಿಗೆಗೆ ಬೆಲೆ ತೆತ್ತವರು ನೆಲದಡಿಯಲ್ಲಿ ದುಡಿದವರು. ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಒತ್ತಡಕ್ಕೆ ಬಂಡೆಗಳು ಸಿಡಿದು ಜನ ಸತ್ತರು. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತಂದಿತು.

ಮುಂದೆ ಗಣಿಗಳು ಸರ್ಕಾರದ ಕೈಗೆ ಬಂದವು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿ, ನಷ್ಟ ಬೆಳೆದು, ಅವನ್ನು ನಡೆಸುತ್ತಿದ್ದ ಸರ್ಕಾರಿ ಒಡೆತನದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಮುಖ್ಯವಾಗಿ ಒಂದೇ ಉದ್ಯಮವನ್ನು ನಂಬಿದ ಊರಿಗೆ ಬೇರೆ ಆಸರೆ ಕಡಿಮೆಯಿತ್ತು. ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳಿಂದ ಇಂದಿಗೂ ಗಾಳಿಗೆ ಧೂಳೇಳುತ್ತದೆ. ಸಾವಿರಾರು ಮಂದಿ ಕೆಲಸಕ್ಕಾಗಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಾರೆ.